ನಲವತ್ತೊಂಬತ್ತು ಸಲ ನಾಟೌಟ್

ನಮ್ಮ ಸ್ಟ್ಯಾಟಿಸ್ಟಿಕ್ಸ್ ಪಾಠದಲ್ಲಿ ಇಬ್ಬರು ಬ್ಯಾಟ್ಸ್‌ಮನ್‌ಗಳು ಬರುತ್ತಾರೆ. ಒಬ್ಬನ ಹೆಸರು ಎ, ಇನ್ನೊಬ್ಬನ ಹೆಸರು ಬಿ. ಕಾಮರ್ಸ್ ಓದುವ ಎಲ್ಲರಿಗೂ ಇವರು ಗೊತ್ತು. ಇಬ್ಬರ ರನ್ನುಗಳನ್ನೂ ಕೊಟ್ಟು, ಇವರಲ್ಲಿ ಯಾರು ಹೆಚ್ಚು ಸ್ಥಿರ ಎಂದು ಕೇಳುತ್ತಾರೆ. ಒಂದು ಉದಾಹರಣೆ ನಾನೇ ಮಾಡುತ್ತೇನೆ. ಎ ಐದು ಇನಿಂಗ್ಸ್‌ನಲ್ಲಿ 48, 52, 50, 47, 53 ಹೊಡೆದ. ಬಿ ಹೊಡೆದದ್ದು 0, 120, 5, 110, 15. ಇಬ್ಬರ ಸರಾಸರಿಯೂ 50. ಆದರೆ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದರೆ ಎ-ಗೆ ಸುಮಾರು 2.3, ಬಿ-ಗೆ 53ಕ್ಕಿಂತ ಹೆಚ್ಚು. ಆದ್ದರಿಂದ ಎ ಸ್ಥಿರ. ಉತ್ತರ ಬರೆದು ಕೆಳಗೆ ಗೆರೆ ಎಳೆದರೆ ಪೂರ್ತಿ ಅಂಕ.

ಒಂದು ರಾತ್ರಿ ಈ ಲೆಕ್ಕ ಮಾಡುತ್ತಾ ಕುಳಿತಿದ್ದಾಗ ಅಬ್ಬಾ ಬಂದು ನೋಡಿದರು. ಅವರು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಆದರೆ ಲೆಕ್ಕ ಬರೆಯುವುದೇ ಅವರ ಕೆಲಸ. "ಬಿ ಯಾರು ಬೇಕಾದರೂ ಆಗಬಹುದು. ಆದರೆ ಎ ಯಾರು ಅಂತ ನನಗೆ ಗೊತ್ತು, ಚಂದ್ರಪಾಲ್" ಎಂದರು. ನಾನು ಆ ಹೆಸರು ಕೇಳಿರಲಿಲ್ಲ. ನಮ್ಮ ವಯಸ್ಸಿನವರಿಗೆ ವೆಸ್ಟ್ ಇಂಡೀಸ್ ಎಂದರೆ ಗೇಲ್, ಪೊಲಾರ್ಡ್, ರಸೆಲ್. ಚಂದ್ರಪಾಲ್ ಆಡುವುದು ನಿಂತಾಗ ನಾವು ಎರಡನೇ ಮೂರನೇ ಕ್ಲಾಸಿನಲ್ಲಿದ್ದೆವು. ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಅಬ್ಬಾ ಅವರನ್ನು 'ಭರೋಸೆ ಕಾ ಆದ್ಮಿ' ಎಂದು ಕರೆದರು. ಭರವಸೆ ಇಡಬಹುದಾದ ಮನುಷ್ಯ ಎಂದರ್ಥ. ಆಮೇಲೆ ಎರಡು ವಾರ ನಾನು ಪರೀಕ್ಷೆಯ ಲೆಕ್ಕ ಬಿಟ್ಟು ಈ ಮನುಷ್ಯನ ಸ್ಕೋರ್‌ಕಾರ್ಡುಗಳನ್ನೇ ನೋಡುತ್ತಿದ್ದೆ. ಅದರ ಫಲ ಈ ಲೇಖನ.

ಶಿವನಾರಾಯಣ ಚಂದ್ರಪಾಲ್ ಹುಟ್ಟಿದ್ದು 1974ರ ಆಗಸ್ಟ್ 16ರಂದು, ಗಯಾನಾ ದೇಶದ ಯೂನಿಟಿ ಎಂಬ ಹಳ್ಳಿಯಲ್ಲಿ. ಗಯಾನಾ ದಕ್ಷಿಣ ಅಮೆರಿಕಾ ಖಂಡದ ನೆಲದ ಮೇಲಿದೆ, ಆದರೆ ಕ್ರಿಕೆಟ್‌ನಲ್ಲಿ ಬಾರ್ಬಡೋಸ್, ಜಮೈಕಾ ಮುಂತಾದ ದ್ವೀಪಗಳ ಜೊತೆ ಸೇರಿ ವೆಸ್ಟ್ ಇಂಡೀಸ್ ಎಂಬ ಒಂದೇ ತಂಡವಾಗಿ ಆಡುತ್ತದೆ. ಅಲ್ಲಿಗೆ ಶಿವನಾರಾಯಣ ಎಂಬ ಹೆಸರು ಹೇಗೆ ಹೋಯಿತು? ಬ್ರಿಟಿಷರ ಕಾಲದಲ್ಲಿ ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಸಾಲದೆ 1838ರಿಂದ ಭಾರತದಿಂದ ಜನರನ್ನು ಕರಾರಿನ ಕೂಲಿಗಳಾಗಿ ಹಡಗಿನಲ್ಲಿ ಸಾಗಿಸಿದರು. ಸುಮಾರು ಎಂಬತ್ತು ವರ್ಷ ಇದು ನಡೆಯಿತು. ಹೋದವರಲ್ಲಿ ಹೆಚ್ಚಿನವರು ಉತ್ತರ ಭಾರತದವರು, ಮದ್ರಾಸಿನ ಬಂದರಿನಿಂದ ಹೋದವರೂ ಇದ್ದರು. ಎಷ್ಟೋ ಜನ ಹಿಂದಿರುಗಲಿಲ್ಲ. ಭಾಷೆ ಹೋಯಿತು, ಹೆಸರು ಉಳಿಯಿತು. ರೋಹನ್ ಕನ್ಹಾಯ್, ಆಲ್ವಿನ್ ಕಾಳಿಚರಣ್, ರಾಮನರೇಶ್ ಸರವಣ್ ಇವರೆಲ್ಲ ಗಯಾನಾದ ಅದೇ ಜನರ ಮಕ್ಕಳು. ಈ ಭಾರತೀಯ ಮೂಲದವರಲ್ಲಿ ವೆಸ್ಟ್ ಇಂಡೀಸ್ ಪರವಾಗಿ ನೂರು ಟೆಸ್ಟ್ ಪೂರೈಸಿದ ಮೊದಲಿಗ ಚಂದ್ರಪಾಲ್.

ಅವರ ಊರು ಸಮುದ್ರದ ಪಕ್ಕ. ಮನೆಯವರು ಮೀನುಗಾರರು. ತಂದೆ ಖೇಮರಾಜ್ ಅವರೇ ಮೊದಲ ಕೋಚ್. ಹುಡುಗನಿಗೆ ಬ್ಯಾಟ್ ಕೊಟ್ಟು ಮನೆಯವರೆಲ್ಲ ಸರದಿಯಂತೆ ಬೌಲ್ ಮಾಡುತ್ತಿದ್ದರಂತೆ. ಔಟಾಗದೆ ಇರುವುದನ್ನು ಅಲ್ಲೇ ಕಲಿತಿರಬೇಕು ಎಂದು ನನಗನಿಸುತ್ತದೆ, ಏಕೆಂದರೆ ಮನೆಯವರು ಸುಸ್ತಾದರೆ ಮಾತ್ರ ಆಟ ಮುಗಿಯುತ್ತದೆ.

ಈಗ ಅವರು ನಿಲ್ಲುತ್ತಿದ್ದ ರೀತಿ. ಇದನ್ನು ವಿವರಿಸದೆ ಚಂದ್ರಪಾಲ್ ಬಗ್ಗೆ ಬರೆಯಲಾಗದು. ಎಡಗೈ ಬ್ಯಾಟ್ಸ್‌ಮನ್ ಸಾಮಾನ್ಯವಾಗಿ ತನ್ನ ಬಲ ಭುಜವನ್ನು ಬೌಲರ್ ಕಡೆ ಮಾಡಿ ಅಡ್ಡಲಾಗಿ ನಿಂತು, ಭುಜದ ಮೇಲಿಂದ ನೋಡುತ್ತಾನೆ. ನಮ್ಮ ಪಿ.ಇ. ಸರ್ ಕೂಡ ಹಾಗೇ ನಿಲ್ಲಲು ಹೇಳುತ್ತಾರೆ. ಚಂದ್ರಪಾಲ್ ಎದೆಯನ್ನೇ ಬೌಲರ್ ಕಡೆ ತಿರುಗಿಸಿ, ಕಾಲುಗಳನ್ನು ಅಗಲಿಸಿ ನಿಲ್ಲುತ್ತಿದ್ದರು. ನೋಡಿದರೆ ಏಡಿಯ ನೆನಪಾಗುತ್ತದೆ. ಎಷ್ಟೋ ಪತ್ರಕರ್ತರು ಹಾಗೇ ಬರೆದಿದ್ದಾರೆ. ಬೌಲರ್ ಕೈಯಿಂದ ಚೆಂಡು ಬಿಡುವ ಹೊತ್ತಿಗೆ ಅವರು ಸರಕ್ಕನೆ ಅಡ್ಡ ಸರಿಯುತ್ತಾರೆ. ಚೆಂಡು ತಲುಪುವಷ್ಟರಲ್ಲಿ ಪಾದ, ತಲೆ, ಬ್ಯಾಟು ಎಲ್ಲವೂ ಪುಸ್ತಕದಲ್ಲಿರುವಂತೆ ಸರಿಯಾದ ಜಾಗದಲ್ಲಿರುತ್ತವೆ. ಅಬ್ಬಾ ನನಗೆ ವಿಡಿಯೋ ನಿಧಾನ ಮಾಡಿ ತೋರಿಸಿದಾಗಲೇ ಇದು ಅರ್ಥವಾದದ್ದು. ಆರಂಭ ವಿಚಿತ್ರ, ಮುಕ್ತಾಯ ಸಂಪ್ರದಾಯ. ಎರಡೂ ಕಣ್ಣು ಬೌಲರ್ ಮೇಲೆ ನೇರವಾಗಿ ಇರುವುದರಿಂದ ಚೆಂಡು ಕೈಯಿಂದ ಹೊರಡುವುದು ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ಅವರು ಚೆಂಡನ್ನು ಬಹಳ ತಡವಾಗಿ, ದೇಹದ ಹತ್ತಿರ ಬಂದ ಮೇಲೆ ಆಡುತ್ತಿದ್ದರು. ಮಣಿಕಟ್ಟು ತಿರುಗಿಸಿ ಲೆಗ್ ಕಡೆ ಒಂದು ರನ್, ಹಿಂದಕ್ಕೆ ತಳ್ಳಿ ಇನ್ನೊಂದು ರನ್. ನೋಡುವವರು ಚಪ್ಪಾಳೆ ತಟ್ಟುವಂಥ ಹೊಡೆತಗಳು ಕಡಿಮೆ.

ಇನ್ನೊಂದು ಅಭ್ಯಾಸ ನನಗೆ ತುಂಬಾ ಇಷ್ಟವಾಯಿತು. ಕ್ರೀಸಿಗೆ ಬಂದ ಬ್ಯಾಟ್ಸ್‌ಮನ್ ಅಂಪೈರ್‌ನನ್ನು ಕೇಳಿ ಸ್ಟಂಪಿನ ನೇರಕ್ಕೆ ಒಂದು ಗುರುತು ಮಾಡಿಕೊಳ್ಳುತ್ತಾನೆ. ಎಲ್ಲರೂ ಶೂನಿಂದ ಗೀರುತ್ತಾರೆ. ಚಂದ್ರಪಾಲ್ ಸ್ಟಂಪಿನ ಮೇಲಿದ್ದ ಬೇಲ್ ತೆಗೆದು, ಅದನ್ನು ಮೊಳೆಯಂತೆ ನೆಲಕ್ಕೆ ಇಟ್ಟು, ಬ್ಯಾಟಿನ ಹಿಡಿಯಿಂದ ಬಡಿದು ಗುಂಡಿ ಮಾಡುತ್ತಿದ್ದರು. ಆಮೇಲೆ ಬೇಲ್ ವಾಪಸ್ ಇಡುತ್ತಿದ್ದರು. ಬಾಡಿಗೆ ಮನೆಗೆ ಬಂದ ಮೊದಲ ದಿನವೇ ಗೋಡೆಗೆ ಮೊಳೆ ಹೊಡೆದಂತೆ! ಕಣ್ಣಿನ ಕೆಳಗೆ ಬಿಸಿಲು ಚುಚ್ಚದಿರಲು ಕಪ್ಪು ಪಟ್ಟಿ ಅಂಟಿಸಿಕೊಳ್ಳುತ್ತಿದ್ದರು. ಶತಕ ಬಂದರೆ ಬಗ್ಗಿ ಪಿಚ್ಚಿಗೆ ಮುತ್ತು ಕೊಡುತ್ತಿದ್ದರು.

ಅವರು ಮೊದಲ ಟೆಸ್ಟ್ ಆಡಿದ್ದು 1994ರ ಮಾರ್ಚ್‌ನಲ್ಲಿ, ಇಂಗ್ಲೆಂಡ್ ವಿರುದ್ಧ, ತಮ್ಮದೇ ದೇಶದ ಜಾರ್ಜ್‌ಟೌನ್‌ನಲ್ಲಿ. ವಯಸ್ಸು 19. ಹೊಡೆದದ್ದು 62. ಅದೇ ಸರಣಿಯ ಕೊನೆಯ ಟೆಸ್ಟ್ ಆಂಟಿಗಾದಲ್ಲಿ. ಬ್ರಯಾನ್ ಲಾರಾ 375 ರನ್ ಹೊಡೆದು ಸೋಬರ್ಸ್ ಅವರ 365ರ ವಿಶ್ವದಾಖಲೆ ಮುರಿದ ಪಂದ್ಯ ಅದು. ಆ ಹೊಡೆತ ಬಿದ್ದಾಗ ಇನ್ನೊಂದು ತುದಿಯಲ್ಲಿ ನಿಂತಿದ್ದ ಹುಡುಗ ಚಂದ್ರಪಾಲ್. ಅವರ ಸ್ಕೋರು ಔಟಾಗದೆ 75. ಇಡೀ ಪ್ರಪಂಚ ಲಾರಾನನ್ನು ನೋಡುತ್ತಿತ್ತು. ಮುಂದಿನ ಹನ್ನೆರಡು ವರ್ಷ ಹೆಚ್ಚುಕಡಿಮೆ ಹೀಗೇ ನಡೆಯಿತು.

ಅವರು ತಂಡಕ್ಕೆ ಬಂದದ್ದು ತಂಡದ ಒಳ್ಳೆಯ ಕಾಲ ಮುಗಿಯುವ ಹೊತ್ತಿಗೆ. ವೆಸ್ಟ್ ಇಂಡೀಸ್ ಹದಿನೈದು ವರ್ಷ ಒಂದು ಟೆಸ್ಟ್ ಸರಣಿಯನ್ನೂ ಸೋತಿರಲಿಲ್ಲ. 1995ರಲ್ಲಿ ಆಸ್ಟ್ರೇಲಿಯಾ ಅವರ ನೆಲದಲ್ಲೇ ಸೋಲಿಸಿತು. ಆಮೇಲೆ ಆಂಬ್ರೋಸ್ ಹೋದರು, ವಾಲ್ಶ್ ಹೋದರು, ಅವರ ಜಾಗಕ್ಕೆ ಅಂಥವರು ಬರಲೇ ಇಲ್ಲ. ಗೆಲ್ಲುವ ತಂಡದಲ್ಲಿ ಐದನೆಯವನಾಗಿ ಬ್ಯಾಟ್ ಮಾಡುವುದು ಬೇರೆ, 60ಕ್ಕೆ 4 ವಿಕೆಟ್ ಬಿದ್ದ ತಂಡದಲ್ಲಿ ಐದನೆಯವನಾಗಿ ಬರುವುದು ಬೇರೆ. ಚಂದ್ರಪಾಲ್‌ಗೆ ಸಿಕ್ಕಿದ್ದು ಹೆಚ್ಚಾಗಿ ಎರಡನೆಯದು.

ಮೊದಲ ಶತಕಕ್ಕೆ ಮೂರು ವರ್ಷ ಕಾಯಬೇಕಾಯಿತು. 1997ರಲ್ಲಿ ಬಾರ್ಬಡೋಸ್‌ನಲ್ಲಿ ಭಾರತದ ವಿರುದ್ಧ ಔಟಾಗದೆ 137 ಹೊಡೆದರು. ಹಿರಿಯರಿಗೆ ಈ ಪಂದ್ಯ ಬೇರೆ ಕಾರಣಕ್ಕೆ ನೆನಪಿದೆ. ಗೆಲ್ಲಲು 120 ರನ್ ಬೇಕಿದ್ದಾಗ ಭಾರತ 81ಕ್ಕೆ ಆಲೌಟಾದ ಪಂದ್ಯ ಅದು. ಅಬ್ಬಾ ಇವತ್ತಿಗೂ ಅದನ್ನು ಹೇಳುವಾಗ ತಲೆ ಆಡಿಸುತ್ತಾರೆ.

ನಿಜವಾಗಿ ಅಬ್ಬಾಗೆ ಚಂದ್ರಪಾಲ್ ಪರಿಚಯವಾದದ್ದು 2002ರಲ್ಲಿ, ಗಂಗೂಲಿ ತಂಡ ವೆಸ್ಟ್ ಇಂಡೀಸಿಗೆ ಹೋದಾಗ. ಅಲ್ಲಿನ ಬೆಳಿಗ್ಗೆ ನಮಗೆ ರಾತ್ರಿ. ಆಟ ನಮ್ಮ ಊಟದ ಹೊತ್ತಿಗೆ ಶುರುವಾಗಿ ನಡುರಾತ್ರಿ ದಾಟಿ ಹೋಗುತ್ತಿತ್ತು. ಅಬ್ಬಾ ಟಿವಿಯ ಸದ್ದು ಪೂರ್ತಿ ತಗ್ಗಿಸಿ ನೋಡುತ್ತಿದ್ದರು. "ಮಲಗುವಾಗಲೂ ಅವನೇ ಆಡುತ್ತಿದ್ದ, ಮರುದಿನ ಟಿವಿ ಹಾಕಿದರೂ ಅವನೇ ಆಡುತ್ತಿದ್ದ. ಸಿಟ್ಟು ಬರುತ್ತಿತ್ತು" ಎನ್ನುತ್ತಾರೆ. ಅವರ ಸಿಟ್ಟಿಗೆ ಕಾರಣವಿತ್ತು. ಮೊದಲ ಟೆಸ್ಟ್‌ನಲ್ಲಿ 140. ಎರಡನೆಯದರಲ್ಲಿ ಔಟಾಗದೆ 67, ಆ ಪಂದ್ಯ ಭಾರತ 37 ರನ್‌ಗಳಿಂದ ಗೆದ್ದಾಗಲೂ ಅವರು ಒಂದು ತುದಿಯಲ್ಲಿ ಹಾಗೇ ನಿಂತಿದ್ದರು. ಮೂರನೆಯದರಲ್ಲಿ ಔಟಾಗದೆ 101. ನಾಲ್ಕನೆಯದರಲ್ಲಿ ಔಟಾಗದೆ 136. ಒಮ್ಮೆ ಔಟಾದ ಮೇಲೆ ಮತ್ತೆ ಔಟಾಗುವ ತನಕ ಅವರು ಕ್ರೀಸಿನಲ್ಲಿ ಕಳೆದ ಸಮಯ 1,513 ನಿಮಿಷ. ಅಂದರೆ 25 ಗಂಟೆಗೂ ಹೆಚ್ಚು.

ಆ ನಾಲ್ಕನೇ ಟೆಸ್ಟ್, ಆಂಟಿಗಾದ್ದು, ಕರ್ನಾಟಕದವರಿಗೆ ಗೊತ್ತೇ ಇದೆ. ನಮ್ಮ ಅನಿಲ್ ಕುಂಬ್ಳೆ ಒಡೆದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬೌಲ್ ಮಾಡಿ ಲಾರಾನನ್ನು ಔಟ್ ಮಾಡಿದ ಟೆಸ್ಟ್ ಅದೇ. ಆ ಚಿತ್ರ ಎಲ್ಲರೂ ನೋಡಿದ್ದಾರೆ. ಆದರೆ ಆ ಇನಿಂಗ್ಸ್ ಮುಂದೆ ಏನಾಯಿತು ಎಂದು ಯಾರೂ ಹೇಳುವುದಿಲ್ಲ. ವೆಸ್ಟ್ ಇಂಡೀಸ್ 9 ವಿಕೆಟ್‌ಗೆ 629 ಹೊಡೆಯಿತು. ಹೂಪರ್ 136, ಜೇಕಬ್ಸ್ 118, ಚಂದ್ರಪಾಲ್ ಔಟಾಗದೆ 136. ಅವರನ್ನು ಕದಲಿಸಲಾಗದೆ ಭಾರತದ ಹನ್ನೊಂದೂ ಜನ ಬೌಲ್ ಮಾಡಿದರು, ವಿಕೆಟ್ ಕೀಪರ್ ಕೂಡ!

ಇಲ್ಲಿಗೆ ನಾನು ಬರೆಯಬೇಕೆಂದಿದ್ದ ಲೆಕ್ಕದ ವಿಷಯಕ್ಕೆ ಬಂದೆ. ಸ್ಕೋರ್‌ಕಾರ್ಡಿನಲ್ಲಿ ಔಟಾಗದವನ ರನ್ನಿನ ಪಕ್ಕ ಒಂದು ಸಣ್ಣ ನಕ್ಷತ್ರ ಹಾಕುತ್ತಾರೆ. ಚಂದ್ರಪಾಲ್ ಆಡಿದ್ದು 164 ಟೆಸ್ಟ್, 280 ಇನಿಂಗ್ಸ್. ಅದರಲ್ಲಿ 49 ಸಲ ನಕ್ಷತ್ರ. ಒಟ್ಟು ರನ್ 11,867, ಶತಕ 30, ಅರ್ಧಶತಕ 66. ಸರಾಸರಿ 51.37.

ಈ 51.37 ಹೇಗೆ ಬಂತು? ನಾವು ಕ್ಲಾಸಿನಲ್ಲಿ ಕಲಿತಂತೆ ಮಾಡಿದರೆ 11,867ನ್ನು 280ರಿಂದ ಭಾಗಿಸಬೇಕು, ಆಗ 42.38 ಬರುತ್ತದೆ. ಕ್ರಿಕೆಟ್‌ನಲ್ಲಿ ಹಾಗೆ ಮಾಡುವುದಿಲ್ಲ. 280ರಲ್ಲಿ ಔಟಾಗದ 49 ಕಳೆದು, ಉಳಿದ 231ರಿಂದ ಭಾಗಿಸುತ್ತಾರೆ. ಆಗ 51.37. ಎರಡು ಲೆಕ್ಕಕ್ಕೂ ಒಂಬತ್ತು ರನ್ ವ್ಯತ್ಯಾಸ. ಲಾರಾ ಅವರದ್ದು ನೋಡಿ. 232 ಇನಿಂಗ್ಸ್, ನಾಟೌಟ್ ಬರೀ 6, ರನ್ 11,953. ಹೇಗೆ ಭಾಗಿಸಿದರೂ 51ರ ಮೇಲೆಯೇ ಬರುತ್ತದೆ. ಇದನ್ನೇ ಹಿಡಿದುಕೊಂಡು ಕೆಲವರು ಚಂದ್ರಪಾಲ್ ಸರಾಸರಿ ನಾಟೌಟ್‌ಗಳಿಂದ ಉಬ್ಬಿದ್ದು, ಅವರು ತಮ್ಮ ವಿಕೆಟ್ ಮಾತ್ರ ಕಾಯ್ದುಕೊಂಡರು, ಸ್ವಾರ್ಥಿ ಎಂದು ಟೀಕಿಸಿದರು. ನಾನೂ ಮೊದಲು ಹಾಗೇ ಅಂದುಕೊಂಡೆ. ಲೆಕ್ಕ ಲೆಕ್ಕವೇ ಅಲ್ಲವೇ?

ಆಮೇಲೆ ನಮ್ಮ ಅಕೌಂಟೆನ್ಸಿಯ ಕ್ಲೋಸಿಂಗ್ ಸ್ಟಾಕ್ ನೆನಪಾಯಿತು. ಮಾರ್ಚ್ 31ಕ್ಕೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಸರಕು ಇರುತ್ತದೆ. ಅದನ್ನು ನಷ್ಟ ಎಂದು ಬರೆಯುತ್ತೇವೆಯೇ? ಇಲ್ಲ. ಟ್ರೇಡಿಂಗ್ ಅಕೌಂಟಿನ ಕ್ರೆಡಿಟ್ ಕಡೆ ತೋರಿಸಿ, ಮುಂದಿನ ವರ್ಷಕ್ಕೆ ಒಯ್ಯುತ್ತೇವೆ. ಏಕೆಂದರೆ ವ್ಯಾಪಾರ ಮುಗಿದಿಲ್ಲ, ವರ್ಷ ಮಾತ್ರ ಮುಗಿದಿದೆ. ನಾಟೌಟ್ ಕೂಡ ಹೀಗೇ. ಇನ್ನೊಂದು ತುದಿಯಲ್ಲಿ ಆಡುವವರು ಮುಗಿದರು, ಇವನ ಇನಿಂಗ್ಸ್ ಮುಗಿಯಲಿಲ್ಲ. ಇವತ್ತು ಔಟಾಗದೆ 40, ಮುಂದಿನ ಸಲ 60ಕ್ಕೆ ಔಟ್ ಎಂದರೆ ನಡುವೆ ಬಿಡುವು ಬಂದ ಒಂದೇ ಶತಕ ಎಂದು ಲೆಕ್ಕ ಹಿಡಿಯುತ್ತದೆ. ಸರಾಸರಿ ಹೇಳುವುದು ಒಂದು ಇನಿಂಗ್ಸ್‌ಗೆ ಎಷ್ಟು ರನ್ ಎಂದಲ್ಲ. ಇವನ ಒಂದು ವಿಕೆಟ್ ಪಡೆಯಲು ಎದುರಾಳಿ ಎಷ್ಟು ರನ್ ತೆರಬೇಕಾಯಿತು ಎಂದು. ಅದು ವಿಕೆಟ್ಟಿನ ಬೆಲೆ.

ಟೀಕೆಯಲ್ಲಿ ಸ್ವಲ್ಪ ನಿಜವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅವರು ಮೂರನೇ ಕ್ರಮಾಂಕದಲ್ಲಿ ಬಂದಿದ್ದರೆ ತಂಡಕ್ಕೆ ಹೆಚ್ಚು ಉಪಯೋಗವಾಗುತ್ತಿತ್ತು ಎಂದು ಹಲವರು ಹೇಳುತ್ತಾರೆ. ಬಾಲಂಗೋಚಿಗಳ ಜೊತೆ ಆಡುವಾಗ ಓವರಿನ ಆರಂಭದಲ್ಲೇ ಒಂದು ರನ್ ತೆಗೆದುಕೊಂಡು ಅವರನ್ನು ಬೌಲರಿಗೆ ಒಡ್ಡುತ್ತಿದ್ದರು ಎಂಬ ದೂರೂ ಇತ್ತು. ಆದರೆ ಈ ಎರಡು ಸರಣಿಗಳನ್ನು ನೋಡಿ. 2007, ಇಂಗ್ಲೆಂಡ್‌ನಲ್ಲಿ: 74, 50, ಔಟಾಗದೆ 116, ಔಟಾಗದೆ 136, 70. 2008, ತವರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ: 118, 11, ಔಟಾಗದೆ 107, ಔಟಾಗದೆ 77, ಔಟಾಗದೆ 79, 50. ಮೊದಲನೆಯದು 446, ಎರಡನೆಯದು 442, ಕೂಡಿದರೆ 888 ರನ್. ಹನ್ನೊಂದು ಇನಿಂಗ್ಸ್‌ನಲ್ಲಿ ಔಟಾದದ್ದು ಆರು ಸಲ. ಕ್ರಿಕೆಟ್ ಲೆಕ್ಕದಲ್ಲಿ ಸರಾಸರಿ 148. ಟೀಕಾಕಾರರ ಲೆಕ್ಕದಂತೆ ಹನ್ನೊಂದರಿಂದಲೇ ಭಾಗಿಸಿದರೂ 80ರ ಮೇಲೆ. ಒಂದೇ ಒಂದು ಸಲ ಐವತ್ತಕ್ಕಿಂತ ಕಡಿಮೆ. ನಮ್ಮ ಪಾಠದ ಎ ಕೂಡ ಇಷ್ಟು ಸ್ಥಿರ ಇರಲಾರ.

ಸರಣಿಗಳ ಫಲಿತಾಂಶ? ಇಂಗ್ಲೆಂಡ್‌ನಲ್ಲಿ ವೆಸ್ಟ್ ಇಂಡೀಸ್ 3-0 ಸೋತಿತು. ಆಸ್ಟ್ರೇಲಿಯಾಕ್ಕೆ 2-0 ಸೋತಿತು. ಇಷ್ಟು ಹೊಡೆದ ಮೇಲೂ ಸೋಲು. ಸ್ವಾರ್ಥಿ ಎನ್ನುವವರು ಆ ಪಂದ್ಯಗಳಲ್ಲಿ ಉಳಿದ ಹತ್ತು ಜನರ ಸ್ಕೋರನ್ನೂ ಒಮ್ಮೆ ನೋಡಬೇಕು.

ಅವರಿಗೆ ನಿಧಾನ ಮಾತ್ರ ಗೊತ್ತಿತ್ತು ಎನ್ನುವುದೂ ತಪ್ಪು. 2003ರ ಏಪ್ರಿಲ್‌ನಲ್ಲಿ ಜಾರ್ಜ್‌ಟೌನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 69 ಎಸೆತದಲ್ಲಿ ಶತಕ ಹೊಡೆದರು. ಆ ಕಾಲಕ್ಕೆ ಎಸೆತಗಳ ಲೆಕ್ಕದಲ್ಲಿ ಟೆಸ್ಟ್‌ನ ಮೂರನೇ ಅತಿ ವೇಗದ ಶತಕ ಅದು. ಇವತ್ತು ಟಿ20 ನೋಡಿ ಬೆಳೆದ ನಮಗೆ 69 ದೊಡ್ಡದಲ್ಲ. ಆದರೆ ಆಗ ತಂಡದ ಅರ್ಧ ಜನ ಅಗ್ಗಕ್ಕೆ ಔಟಾಗಿ ಹೋಗಿದ್ದರು, ಎದುರಿಗಿದ್ದದ್ದು ಪ್ರಪಂಚದ ಅತಿ ಬಲಿಷ್ಠ ತಂಡ. ಮರು ತಿಂಗಳು ಅದೇ ತಂಡದ ವಿರುದ್ಧ ಆಂಟಿಗಾದಲ್ಲಿ 418 ರನ್ ಬೆನ್ನಟ್ಟಬೇಕಾಯಿತು. ಟೆಸ್ಟ್ ಇತಿಹಾಸದಲ್ಲಿ ನಾಲ್ಕನೇ ಇನಿಂಗ್ಸ್‌ನಲ್ಲಿ ಅಷ್ಟು ಹೊಡೆದು ಯಾರೂ ಗೆದ್ದಿರಲಿಲ್ಲ. ಲಾರಾ ಔಟಾದ ಮೇಲೆ ಸರವಣ್ 105, ಚಂದ್ರಪಾಲ್ 104. ಬೆರಳು ಮುರಿದಿತ್ತು, ಆ ಕೈಯಲ್ಲೇ ಬ್ಯಾಟ್ ಹಿಡಿದು ಆಡಿದರು. ವೆಸ್ಟ್ ಇಂಡೀಸ್ ಮೂರು ವಿಕೆಟ್‌ಗಳಿಂದ ಗೆದ್ದಿತು. ಆ ದಾಖಲೆ ಇನ್ನೂ ಹಾಗೇ ಇದೆ. 2008ರ ಏಪ್ರಿಲ್‌ನಲ್ಲಿ ಶ್ರೀಲಂಕಾ ವಿರುದ್ಧದ ಏಕದಿನ ಪಂದ್ಯದಲ್ಲಿ ಕೊನೆಯ ಎರಡು ಎಸೆತಕ್ಕೆ 10 ರನ್ ಬೇಕಿತ್ತು. ಬೌಲರ್ ಚಮಿಂಡಾ ವಾಸ್. ಚಂದ್ರಪಾಲ್ ಒಂದು ಬೌಂಡರಿ, ಒಂದು ಸಿಕ್ಸರ್ ಹೊಡೆದರು. ಈ ವಿಡಿಯೋ ನೋಡದವರು ಇವತ್ತೇ ನೋಡಿ.

ಅದೇ ಬೇಸಿಗೆಯಲ್ಲಿ ಅವರು ಬೆಂಗಳೂರಿಗೂ ಬಂದಿದ್ದರು ಎಂದರೆ ನಮ್ಮ ಆರ್‌ಸಿಬಿ ಅಭಿಮಾನಿಗಳು ನಂಬುವುದಿಲ್ಲ. ಮೊದಲ ಐಪಿಎಲ್‌ನಲ್ಲಿ ದ್ರಾವಿಡ್, ಕಾಲಿಸ್, ವಾಸೀಂ ಜಾಫರ್ ಜೊತೆ ಆ ತಂಡದಲ್ಲಿದ್ದರು. 'ಟೆಸ್ಟ್ ಟೀಮ್' ಎಂದು ಎಲ್ಲರೂ ನಗುತ್ತಿದ್ದ ತಂಡ. ಆಡಿದ್ದು ಮೂರೇ ಪಂದ್ಯ, ಗುರುತು ಉಳಿಯುವಂಥದ್ದೇನೂ ಮಾಡಲಿಲ್ಲ. ಮೇ ಕೊನೆಗೆ ಅವರು ಜಮೈಕಾದ ಸಬೀನಾ ಪಾರ್ಕ್‌ನಲ್ಲಿ ಆಸ್ಟ್ರೇಲಿಯಾ ಎದುರು ಟೆಸ್ಟ್ ಆಡುತ್ತಿದ್ದರು. 86ರಲ್ಲಿದ್ದಾಗ ಬ್ರೆಟ್ ಲೀ ಎಸೆದ ಬೌನ್ಸರಿಗೆ ಮುಖ ತಿರುಗಿಸಿದರು, ಚೆಂಡು ತಲೆಯ ಹಿಂಭಾಗಕ್ಕೆ ಬಡಿಯಿತು. ನೆಲಕ್ಕೆ ಬಿದ್ದವರು ಅಲುಗಾಡಲಿಲ್ಲ. ಆಸ್ಟ್ರೇಲಿಯಾದವರೇ ಗಾಬರಿಯಾಗಿ ಓಡಿ ಬಂದರು. ಸ್ವಲ್ಪ ಹೊತ್ತಿಗೆ ಎದ್ದು ಕುಳಿತರು. ಮತ್ತೆ ಗಾರ್ಡ್ ತೆಗೆದುಕೊಂಡು 118 ಹೊಡೆದರು. ಮೇಲೆ ಕೊಟ್ಟ ಪಟ್ಟಿಯಲ್ಲಿರುವ 118 ಅದೇ. ಇವತ್ತಿನ ನಿಯಮದಲ್ಲಾದರೆ ತಲೆಗೆ ಪೆಟ್ಟು ಬಿದ್ದವರನ್ನು ವೈದ್ಯರು ಪರೀಕ್ಷಿಸದೆ ಆಡಲು ಬಿಡುವುದಿಲ್ಲ, ಅದೇ ಸರಿ ಕೂಡ. ಆ ವರ್ಷ ಐಸಿಸಿ ಅವರನ್ನು ವರ್ಷದ ಕ್ರಿಕೆಟಿಗ ಎಂದು ಗೌರವಿಸಿತು.

ನಾಯಕತ್ವದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2005ರಲ್ಲಿ ಪ್ರಾಯೋಜಕರ ಜಗಳದಿಂದ ಲಾರಾ ಮತ್ತು ಕೆಲವರು ಹೊರಗುಳಿದಾಗ ಇವರ ತಲೆಗೆ ಕಟ್ಟಿದರು. ನಾಯಕನಾಗಿ ಮೊದಲ ಟೆಸ್ಟ್‌ನಲ್ಲೇ ಔಟಾಗದೆ 203 ಹೊಡೆದರು. ಆದರೆ ಹದಿನಾಲ್ಕು ಟೆಸ್ಟ್‌ನಲ್ಲಿ ಗೆದ್ದದ್ದು ಒಂದು. ಮರುವರ್ಷ ತಾವೇ ಬಿಟ್ಟುಕೊಟ್ಟರು. ಭರವಸೆಯ ಮನುಷ್ಯನಿಗೆ ಬೇರೆಯವರ ಕೆಲಸವನ್ನೂ ಹೊರಿಸುವುದು ಎಲ್ಲ ಕಡೆ ಇದ್ದದ್ದೇ.

2013ರ ನವೆಂಬರ್‌ನಲ್ಲಿ ಮುಂಬೈನ ವಾಂಖೆಡೆಯಲ್ಲಿ ಸಚಿನ್ ತೆಂಡೂಲ್ಕರ್ ತಮ್ಮ 200ನೇ ಮತ್ತು ಕೊನೆಯ ಟೆಸ್ಟ್ ಆಡಿದರು. ಇಡೀ ದೇಶ ಅತ್ತಿತು. ಎದುರಾಳಿ ವೆಸ್ಟ್ ಇಂಡೀಸ್. ಅದೇ ಪಂದ್ಯ ಚಂದ್ರಪಾಲ್ ಅವರ 150ನೇ ಟೆಸ್ಟ್ ಎಂದು ಎಷ್ಟು ಜನರಿಗೆ ಗೊತ್ತು? 1994ರಲ್ಲಿ ಲಾರಾ ಎದುರಿನ ತುದಿಯಲ್ಲಿ ನಿಂತಿದ್ದವರು, ಇಪ್ಪತ್ತು ವರ್ಷದ ನಂತರ ಸಚಿನ್ ಎದುರಿನ ತಂಡದಲ್ಲಿ ನಿಂತಿದ್ದರು. ಸಚಿನ್‌ಗೆ ಅಂಥ ವಿದಾಯ ಸಿಕ್ಕಿದ್ದು ನ್ಯಾಯವೇ. ನನ್ನ ಪ್ರಶ್ನೆ ಇನ್ನೊಬ್ಬರ ಬಗ್ಗೆ.

2015ರಲ್ಲಿ ಇಂಗ್ಲೆಂಡ್ ವಿರುದ್ಧದ ಸರಣಿಯಲ್ಲಿ ಆರು ಇನಿಂಗ್ಸ್‌ನಿಂದ ಅವರಿಗೆ ಬಂದದ್ದು 92 ರನ್. ವಯಸ್ಸು 40 ದಾಟಿತ್ತು. ಮುಂದಿನ ಸರಣಿ ತವರಿನಲ್ಲಿ ಆಸ್ಟ್ರೇಲಿಯಾ ಎದುರು, ಎರಡು ಟೆಸ್ಟ್. ಅದನ್ನು ಆಡಿ ಜನರಿಗೆ ವಿದಾಯ ಹೇಳುವ ಆಸೆ ಅವರಿಗಿತ್ತು. ಆಯ್ಕೆಗಾರರು ಅವರನ್ನು ಕೈಬಿಟ್ಟರು. ಆಯ್ಕೆ ಸಮಿತಿಯ ಮುಖ್ಯಸ್ಥರಾಗಿದ್ದವರು ಗಯಾನಾದವರೇ ಆದ ಮಹಾನ್ ಆಟಗಾರ ಕ್ಲೈವ್ ಲಾಯ್ಡ್. 2016ರ ಜನವರಿಯಲ್ಲಿ ಚಂದ್ರಪಾಲ್ ನಿವೃತ್ತಿ ಹೇಳಿದರು, ಮೈದಾನದ ಹೊರಗಿನಿಂದಲೇ.

ಆಗ ಲಾರಾ ಅವರ 11,953ಕ್ಕೂ ಇವರ 11,867ಕ್ಕೂ ನಡುವೆ 86 ರನ್ ಅಂತರ ಎಂದು ಪತ್ರಿಕೆಗಳು ಬರೆದವು. ಇಲ್ಲೂ ಒಂದು ಲೆಕ್ಕವಿದೆ. ಲಾರಾ ರನ್‌ಗಳಲ್ಲಿ 41 ಬಂದದ್ದು 2005ರಲ್ಲಿ ಸಿಡ್ನಿಯಲ್ಲಿ ಐಸಿಸಿ ವಿಶ್ವ ತಂಡದ ಪರವಾಗಿ ಆಡಿದಾಗ. ಅದನ್ನು ಕಳೆದರೆ ವೆಸ್ಟ್ ಇಂಡೀಸ್ ಪರವಾಗಿ ಲಾರಾ ಹೊಡೆದದ್ದು 11,912. ಅಂದರೆ ಚಂದ್ರಪಾಲ್‌ಗೆ ಬೇಕಿದ್ದದ್ದು 46. ಅವರ ಮಟ್ಟಿಗೆ ಅರ್ಧ ದಿನದ ಕೆಲಸ.

ಆಯ್ಕೆಗಾರರ ಕಡೆಯಿಂದಲೂ ಯೋಚಿಸಿದೆ. ಆರು ಇನಿಂಗ್ಸ್‌ಗೆ 92 ರನ್ ಹೊಡೆದ ನಲವತ್ತು ವರ್ಷದವರನ್ನು ಹಳೆಯ ರನ್ ನೋಡಿ ಆಡಿಸುತ್ತಾ ಹೋದರೆ ಹೊಸ ಹುಡುಗರು ಬರುವುದು ಯಾವಾಗ? ಇದು ಸುಳ್ಳು ವಾದವಲ್ಲ. ಅಂತಿಮವಾಗಿ ಅವರು ಹೋಗಲೇಬೇಕಿತ್ತು. ಆದರೆ 21 ವರ್ಷ ದುಡಿದವರಿಗೆ ಎರಡು ಪಂದ್ಯದ ಮಾತು.

ಇದನ್ನು ನಾನು ಇಷ್ಟು ಹೇಳಲು ಒಂದು ಕಾರಣವಿದೆ. ಅಬ್ಬಾ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದರು. ಕಿರ್ದಿ, ಖಾತೆ, ಬಾಕಿ ಪಟ್ಟಿ ಎಲ್ಲವೂ ಅವರ ಕೈಬರಹದಲ್ಲೇ. ರಂಜಾನ್ ತಿಂಗಳಲ್ಲಿ ಕೂಡ ವರ್ಷಾಂತ್ಯದ ಲೆಕ್ಕ ಬಂದರೆ ಇಫ್ತಾರ್ ಅಂಗಡಿಯಲ್ಲೇ. ಕಳೆದ ವರ್ಷ ಅಂಗಡಿಗೆ ಕಂಪ್ಯೂಟರ್ ಬಂತು, ಅದು ಗೊತ್ತಿದ್ದ ಹುಡುಗ ಬಂದ. ಒಂದು ಸಂಜೆ ಫೋನ್ ಬಂತು, ನಾಳೆಯಿಂದ ಬರುವುದು ಬೇಡ ಎಂದು. ಅಬ್ಬಾ ಸರಿ ಎಂದು ಇಟ್ಟರು. ಕಂಪ್ಯೂಟರ್ ಬೇಕು, ಅದು ನನಗೂ ಗೊತ್ತು, ನಾನೇ ಟ್ಯಾಲಿ ಕಲಿಯುತ್ತಿದ್ದೇನೆ. ಆದರೆ ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಒಂಬತ್ತಕ್ಕೆ ಶರ್ಟ್ ಹಾಕಿಕೊಂಡು ಬಾಗಿಲ ತನಕ ಹೋಗಿ ನಿಂತದ್ದನ್ನು ನಾನು ಮತ್ತು ಅಮ್ಮಿ ನೋಡಿದೆವು. ಈಗ ಅವರು ನಾಲ್ಕೈದು ಸಣ್ಣ ಅಂಗಡಿಗಳ ಲೆಕ್ಕ ಮನೆಯಲ್ಲೇ ಬರೆಯುತ್ತಾರೆ. ರಾತ್ರಿ ನನ್ನ ಪಕ್ಕ ಕುಳಿತು.

ಚಂದ್ರಪಾಲ್ ಮನೆಗೆ ಹೋಗಿ ಸುಮ್ಮನೆ ಕೂರಲಿಲ್ಲ. ಗಯಾನಾ ತಂಡಕ್ಕೆ ಆಡುತ್ತಲೇ ಇದ್ದರು. ಅವರ ಮಗ ತೇಜ್‌ನಾರಾಯಣ್ ಕೂಡ ಎಡಗೈ ಬ್ಯಾಟ್ಸ್‌ಮನ್, ಅವನೂ ಅದೇ ತಂಡದಲ್ಲಿ. 2017ರ ಮಾರ್ಚ್‌ನಲ್ಲಿ ಜಮೈಕಾ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ ತಂದೆಯೂ ಮಗನೂ ಅರ್ಧಶತಕ ಹೊಡೆದರು. ಮಗ 58, ತಂದೆ 57. ನಡೆದದ್ದು ಸಬೀನಾ ಪಾರ್ಕ್‌ನಲ್ಲಿ, ಒಂಬತ್ತು ವರ್ಷದ ಹಿಂದೆ ಲೀ ಚೆಂಡು ತಲೆಗೆ ಬಡಿದಿದ್ದ ಅದೇ ಮೈದಾನದಲ್ಲಿ.

2022ರ ನವೆಂಬರ್‌ನಲ್ಲಿ ಐಸಿಸಿ ತನ್ನ ಹಾಲ್ ಆಫ್ ಫೇಮ್‌ಗೆ ಚಂದ್ರಪಾಲ್ ಹೆಸರು ಸೇರಿಸಿತು. ಅದೇ ತಿಂಗಳ ಕೊನೆಗೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತೇಜ್‌ನಾರಾಯಣ್ ಮೊದಲ ಟೆಸ್ಟ್ ಆಡಿದ, 51 ಹೊಡೆದ. 2023ರ ಫೆಬ್ರವರಿಯಲ್ಲಿ ಜಿಂಬಾಬ್ವೆಯ ಬುಲವಾಯೊದಲ್ಲಿ ಅವನ ಮೊದಲ ಶತಕ ಬಂತು, ನಿಲ್ಲದೆ ದ್ವಿಶತಕವಾಯಿತು. ತಂದೆಯ ಅತಿ ಹೆಚ್ಚು ಸ್ಕೋರು 203. ಅದನ್ನು ಅವರು ಎರಡು ಸಲ ಹೊಡೆದಿದ್ದರು, ಒಮ್ಮೆ ನಾಯಕನಾಗಿ ಜಾರ್ಜ್‌ಟೌನ್‌ನಲ್ಲಿ, ಇನ್ನೊಮ್ಮೆ 2012ರಲ್ಲಿ ಢಾಕಾದಲ್ಲಿ, ಎರಡು ಸಲವೂ ಔಟಾಗದೆ. ಮಗ 207ಕ್ಕೆ ಹೋದ.

ಆ ಸ್ಕೋರ್‌ಕಾರ್ಡ್ ಅನ್ನು ಫೋನಿನಲ್ಲಿ ಅಬ್ಬಾಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. 207ರ ಪಕ್ಕದಲ್ಲೂ ನಕ್ಷತ್ರ ಇತ್ತು.